ಹನ್ನೊಂದನೇ ಪಂದ್ಯದ ಗೋಲು

“ಚೀಟಿ, ಮೇಡಂ! ಒಂದು ಚೀಟಿ ಎತ್ತಿ ನಮ್ಮ ತಲೆ ಮೇಲೆ ಚಪ್ಪಡಿ ಎಳೆದ್ರು!”

ಟೂರ್ಕೆಲ್ ಗುದ್ದಿದ ರಭಸಕ್ಕೆ ರೈ ಬ್ರೆಡ್ಡಿನ ಮೇಲಿದ್ದ ಹೆರಿಂಗ್ ಮೀನು ಜಾರಿ ಪೋಕರ್ ಮೇಜಿನ ಹಸಿರು ಬಟ್ಟೆಯ ಮೇಲೆ ಬಿತ್ತು. ಆ ಮೇಜಿನ ಮೇಲೆ ಊಟ ಮಾಡಬಾರದೆಂದು ಕ್ಯಾಸಿನೋದವರು ಮೂರು ಭಾಷೆಗಳಲ್ಲಿ ಬರೆದು ಹಾಕಿದ್ದಾರೆ. ಸ್ವೀಡನ್ನಿನವರಿಗೆ ನಾಟುವ ನಾಲ್ಕನೆಯ ಭಾಷೆ ಯಾವುದೋ ನನಗೆ ಇಂದಿಗೂ ತಿಳಿದಿಲ್ಲ.

ನಾನು ಅವನ ಮಾತನ್ನು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ನಿನ್ನೆ ಸಂಜೆಯಿಂದ ಈ ಜನ ಫುಟ್‌ಬಾಲ್ ಹೇಳಿ ಹೇಳಿ ನನ್ನ ಪ್ರಾಣ ಹಿಂಡಿದ್ದಾರೆ. ಅವರದೇ ಗೆಳೆಯ ಆಸ್ಪತ್ರೆಯಲ್ಲಿ ಪ್ರಜ್ಞೆ ಇಲ್ಲದೆ ಮಲಗಿದ್ದಾನೆ, ಆ ಹೊತ್ತಿನಲ್ಲಿ ಎಲ್ಲಿದ್ದಿರಿ ಎಂದು ಕೇಳಿದರೆ ಯಾರು ಯಾರಿಗೆ ಎಷ್ಟು ಗೋಲು ಹೊಡೆದರು ಎಂಬಲ್ಲಿಂದ ಶುರುಮಾಡುತ್ತಾರೆ. ಹ್ಯಾಂಡ್‌ಬಾಲ್ ಆಡಿ ಎರಡೂ ಮಂಡಿ ಸವೆಸಿಕೊಂಡವಳು ನಾನು. ತೊಂಬತ್ತು ನಿಮಿಷ ಓಡಾಡಿ ಒಂದು ಗೋಲು ಹೊಡೆಯುವ ಆಟವನ್ನು ಆಟ ಎಂದು ಒಪ್ಪಿಕೊಳ್ಳುವ ತಾಳ್ಮೆ ನನಗಿಲ್ಲ.

ಗೋಡೆಯ ಗಡಿಯಾರದಲ್ಲಿ ಹನ್ನೆರಡು ಗಂಟೆ. ಮೂರಕ್ಕೆ, ಇಲ್ಲಿ ಇಸ್ಪೀಟು ಎಲೆ ಹಂಚುವ ಡಗ್ನಿಯನ್ನು ನ್ಯಾಯಾಧೀಶರ ಮುಂದೆ ನಿಲ್ಲಿಸುತ್ತಾರೆ. ನಾಲ್ಕು ವಾರ ಜೈಲು ಎಂದು ಅವರು ಸಹಿ ಹಾಕಿದರೆ, ಆಮೇಲೆ ನಿರಪರಾಧಿ ಎಂದು ತೀರ್ಮಾನವಾದರೂ ಯಾವ ಕ್ಯಾಸಿನೋದಲ್ಲೂ ಅವಳಿಗೆ ಎಲೆ ಮುಟ್ಟಲು ಬಿಡುವುದಿಲ್ಲ. ಅವಳಿಗೆ ಬರುವ ಕೆಲಸ ಅದೊಂದೇ.

ನಡೆದದ್ದು ಇಷ್ಟು. ಸಮುದ್ರದ ಆಚೆ ದಡದಲ್ಲಿ, ಸ್ವೀಡನ್ನಿನ ಸಕ್ಕರೆ ಕಾರ್ಖಾನೆಯೊಂದರ ನಾಲ್ವರು ಹಳೆಯ ನೌಕರರು ಪ್ರತಿ ಜನವರಿಯಲ್ಲಿ ಹಡಗು ಹತ್ತಿ ಹೆಲ್ಸಿಂಗೋರಿನ ಈ ಕ್ಯಾಸಿನೋ ಹೋಟೆಲಿಗೆ ಬರುತ್ತಾರೆ. ಶನಿವಾರ ಮಧ್ಯಾಹ್ನ ಪೋಕರ್, ನಾಲ್ಕರಿಂದ ಆರರವರೆಗೆ ಇಂಗ್ಲೆಂಡಿನ ಫುಟ್‌ಬಾಲ್ ಪಂದ್ಯಗಳು, ಆಮೇಲೆ ಮತ್ತೆ ಪೋಕರ್. ನಿನ್ನೆ ಆರು ಗಂಟೆಗೆ ಅವರ ಮುಖಂಡ, ಎಪ್ಪತ್ತೊಂದು ವರ್ಷದ ಅಲ್ಗೋಟ್, ಮೇಜಿಗೆ ಬರಲಿಲ್ಲ. ಹಿಂದಿನ ಮೆಟ್ಟಿಲ ಬುಡದಲ್ಲಿ ತಲೆ ಒಡೆದುಕೊಂಡು ಬಿದ್ದಿದ್ದ. ಐದರಿಂದ ಆರರೊಳಗೆ ಆಗಿದೆ ಎಂದರು ಡಾಕ್ಟರು. ಕೊರಳ ಸುತ್ತ ಕೆಂಪು ಗೆರೆ ಇತ್ತು. ಯಾರೋ ಅವನ ಕೊರಳಿನ ತೊಗಲು ದಾರವನ್ನು ಕಿತ್ತುಕೊಂಡು ತಳ್ಳಿದ್ದರು. ದಾರದಲ್ಲಿದ್ದ ಮೊಳೆ ಹೋಗಿತ್ತು.

ಮೊಳೆ ಎಂದರೆ ನಿಜವಾದ ಕಬ್ಬಿಣದ ಮೊಳೆ, ಬೆರಳುದ್ದದ್ದು, ತುಕ್ಕು ಹಿಡಿದದ್ದು. ಇವರು ಪ್ರತಿವಾರ ಕಟ್ಟುವ ಫುಟ್‌ಬಾಲ್ ಕೂಪನ್ನಿನಲ್ಲಿ ಹದಿಮೂರು ಪಂದ್ಯಗಳಿರುತ್ತವೆ. ಆತಿಥೇಯ ತಂಡ ಗೆದ್ದರೆ ಒಂದು, ಸಮವಾದರೆ ಎಕ್ಸ್, ಹೊರಗಿನಿಂದ ಬಂದ ತಂಡ ಗೆದ್ದರೆ ಎರಡು. ಉಳಿದವಕ್ಕೆ ಎರಡು ಮೂರು ಗುರುತು ಹಾಕಿ ಜಾರಿಕೊಳ್ಳಬಹುದು, ಆದರೆ ಒಂದು ಪಂದ್ಯಕ್ಕೆ ಮಾತ್ರ ಒಂದೇ ಗುರುತು ಹಾಕಿ ಎದೆಯುಬ್ಬಿಸಿ ನಿಲ್ಲಬೇಕು. ಅದನ್ನು ಇವರು ಮೊಳೆ ಹೊಡೆಯುವುದು ಎನ್ನುತ್ತಾರೆ. ಜನವರಿಯ ಪೋಕರಿನಲ್ಲಿ ಗೆದ್ದವರ ಕೊರಳಿಗೆ ಆ ಕಬ್ಬಿಣದ ಮೊಳೆ ಬೀಳುತ್ತದೆ, ವರ್ಷವಿಡೀ ಮೊಳೆ ಹೊಡೆಯುವ ಹಕ್ಕೂ ಅವರದೇ. ಇಷ್ಟಕ್ಕೂ ಎಲ್ಲರೂ ಮೊಮ್ಮಕ್ಕಳನ್ನು ಕಂಡವರು.

ನಿನ್ನೆ ಸಂಜೆ ಏಳಕ್ಕೆ ಆ ಮೊಳೆ ಸಿಕ್ಕಿದ್ದು ಎಲೆ ಹಂಚುವ ಡಗ್ನಿಯ ಕೋಟಿನ ಜೇಬಿನಲ್ಲಿ.

ನಮ್ಮ ಪೊಲೀಸ್ ಠಾಣೆಯ ಸಾಹೇಬ ಟ್ಯೂಗೆಗೆ ಅಷ್ಟು ಸಾಕಾಯಿತು. ನನಗೆ ಸಾಕಾಗಲಿಲ್ಲ. ನೌಕರರ ಕೋಟುಗಳು ಬೀಗವಿಲ್ಲದ ಕೋಣೆಯಲ್ಲಿ ನೇತಾಡುತ್ತಿರುತ್ತವೆ, ಯಾರು ಬೇಕಾದರೂ ಯಾವ ಜೇಬಿಗೆ ಬೇಕಾದರೂ ಏನು ಬೇಕಾದರೂ ಹಾಕಬಹುದು. ಮೇಲಾಗಿ ಆ ತುಕ್ಕು ಮೊಳೆಗೆ ಆಸೆಪಡುವವರು ಈ ಭೂಮಿಯ ಮೇಲೆ ಇರುವುದೇ ನಾಲ್ಕು ಜನ.

ಇನ್ನೊಂದು ಕಾರಣವನ್ನು ನಾನು ಟ್ಯೂಗೆಗೆ ಹೇಳಿರಲಿಲ್ಲ. ಡಗ್ನಿ ಹತ್ತನೆಯ ವಯಸ್ಸಿನಿಂದ ನನ್ನ ಹ್ಯಾಂಡ್‌ಬಾಲ್ ತಂಡದ ಗೋಲ್‌ಕೀಪರ್. ಎದುರಾಳಿಯ ಕೈ ಮೇಲೇಳುವ ಮೊದಲೇ ಯಾವ ಕಡೆ ಎಸೆಯುತ್ತಾಳೆಂದು ಊಹಿಸಿ ಆ ಕಡೆ ಹಾರಿಬಿಡುತ್ತಿದ್ದಳು. ಹತ್ತಕ್ಕೆ ಏಳು ಸಲ ಸರಿ. ಉಳಿದ ಮೂರು ಸಲವೂ ಮುಖದಲ್ಲಿ ಒಂದು ಗೆರೆ ಅಲ್ಲಾಡುತ್ತಿರಲಿಲ್ಲ. ಅಂಥ ಮಕ್ಕಳನ್ನು ಬೆಳೆಸಿದವರಿಗೆ ಅವರ ಮೇಲೆ ಅನುಮಾನ ಹುಟ್ಟುವುದು ಸುಲಭವಲ್ಲ.

ಬೆಳಿಗ್ಗೆ ಲಾಕಪ್ಪಿಗೆ ಹೋಗಿ ಅವಳನ್ನು ಕಂಡಿದ್ದೆ. ಕೊಟ್ಟ ಕಾಫಿ ಹಾಗೇ ಆರಿಹೋಗಿತ್ತು.

“ಕೋಚ್, ಆ ದರಿದ್ರ ಮೊಳೆ ನನಗ್ಯಾಕೆ?” ಎಂದಿದ್ದಳು. “ಐದರಿಂದ ಆರರ ತನಕ ಕಾಫಿ ಕೋಣೆ ಬಿಟ್ಟು ಅಲ್ಲಾಡಿಲ್ಲ ನಾನು. ಒಬ್ಬಳೇ ಟಿವಿ ನೋಡ್ತಾ ಕೂತಿದ್ದೆ. ಹಾರ್ಕ್‌ಬಿನೋ ಏನೋ ಒಂದು ತಂಡ, ಕೊನೇಲಿ ಒಬ್ಬ ಉದ್ದ ಮನುಷ್ಯ—”

“ನನ್ನ ಮುಂದೆ ಫುಟ್‌ಬಾಲ್ ಎತ್ತಬೇಡ ಕಣೆ,” ಎಂದು ಅವಳ ಬಾಯಿ ಮುಚ್ಚಿಸಿದ್ದೆ. “ನಿನ್ನೆಯಿಂದ ಅದನ್ನೇ ಕೇಳಿ ತಲೆ ಚಿಟ್ಟು ಹಿಡಿದಿದೆ. ಆ ಮುದುಕನ ಜೊತೆ ನಿನಗೇನು ಜಗಳ ಆಯ್ತು, ಅದನ್ನ ಹೇಳು.”

“ಜಗಳ ಎಲ್ಲಿ? ಇಸ್ಪೀಟಿನ ಹೊಸ ಕಟ್ಟು ತೆಗಿ ಅಂದ್ರು. ತೆಗೆದೆ.”

ಆ ಜಗಳದ ಬಗ್ಗೆ ಈಗ ಮೇಜಿನ ಆ ಬದಿಯಲ್ಲಿ ಕೂತಿದ್ದ ವೆಂಡೆಲಾ ಹೇಳಿದ್ದು ಸ್ವಲ್ಪ ಬೇರೆ. ವೆಂಡೆಲಾ ನಾಲ್ವರಲ್ಲಿ ಒಬ್ಬಳೇ ಹೆಂಗಸು, ಕಾರ್ಖಾನೆಯ ಪ್ರಯೋಗಾಲಯದಲ್ಲಿ ಸಕ್ಕರೆ ಪರೀಕ್ಷೆ ಮಾಡುತ್ತಿದ್ದವಳು. ನೋಡಿದ್ದನ್ನು ನೋಡಿದಷ್ಟೇ ಹೇಳುತ್ತಾಳೆ. ನಿನ್ನೆ ನಾಲ್ಕಕ್ಕೆ ಮುಂಚಿನ ಕೊನೆಯ ಆಟದಲ್ಲಿ ಅಲ್ಗೋಟ್ ಕೈಯಲ್ಲಿ ಎರಡು ರಾಣಿ ಇದ್ದವಂತೆ. ಟೂರ್ಕೆಲ್ ಮೂರು ಗುಲಾಮ ತೋರಿಸಿ ಗೆದ್ದ. ಸೋತ ಅಲ್ಗೋಟ್ ಟೂರ್ಕೆಲ್‌ನನ್ನು ನೋಡಲಿಲ್ಲ, ಎಲೆ ಹಂಚಿದವಳ ಬೆರಳುಗಳನ್ನೇ ನೋಡುತ್ತಿದ್ದ.

“‘ಮಗಳೇ, ಆಮೇಲೆ ನಿನ್ನ ಹತ್ರ ಸ್ವಲ್ಪ ಮಾತಾಡ್ಬೇಕು’ ಅಂದ,” ಎಂದಿದ್ದಳು ವೆಂಡೆಲಾ. “ಬೈಯೋ ದನಿ ಅಲ್ಲ. ಬೇಜಾರಾದ ದನಿ.”

ಸೋತವರಿಗೆಲ್ಲ ಹಂಚಿದವರ ಬೆರಳ ಮೇಲೆ ಕಣ್ಣು ಹೋಗುತ್ತದೆ. ನಾನು ಅದನ್ನು ಬರೆದುಕೊಂಡು ಹಾಳೆ ತಿರುವಿದ್ದೆ. ನನ್ನ ಲೆಕ್ಕ ಈ ಮೂವರ ಮೇಲಿತ್ತು. ಟೂರ್ಕೆಲ್ ನಾಲ್ಕರಿಂದ ಆರರವರೆಗೆ ಬಾರಿನಲ್ಲಿ ನಲವತ್ತು ಜನರ ನಡುವೆ ಕಿರುಚುತ್ತಿದ್ದ. ವೆಂಡೆಲಾ ಜೂಜಿನ ಯಂತ್ರದ ಮುಂದೆ ಕೂತಿದ್ದು ಕ್ಯಾಮೆರಾದಲ್ಲಿದೆ. ಮೂರನೆಯವನು ಹಿಲ್ಡಿಂಗ್, ಪ್ರತಿವಾರ ಕೂಪನ್ನು ಕಟ್ಟಿಬರುವವನು. ಅವನು 214ನೇ ಕೋಣೆಯಲ್ಲಿ ಒಬ್ಬನೇ ಪಂದ್ಯ ನೋಡುತ್ತಿದ್ದೆ ಎಂದಿದ್ದ.

“ಹನ್ನೆರಡು ಸರಿ, ಮೇಡಂ! ಹನ್ನೆರಡು!” ಟೂರ್ಕೆಲ್ ಇನ್ನೂ ನಿಲ್ಲಿಸಿರಲಿಲ್ಲ. “ಹೋಗ್ಲಿ, ಉಳಿದ ಒಂದನ್ನ ಆಡಿ ಸೋತಿದ್ರೆ ಸೋತ್ವಿ ಅಂತ ಸುಮ್ನಾಗ್ತಿದ್ದೆ. ಸೋಲೋಕೆ ಪಂದ್ಯಾನೇ ನಡೀಲಿಲ್ವಲ್ಲ!”

“ಟೂರ್ಕೆಲ್, ನಿಮ್ಮ ಗೆಳೆಯ ಬದುಕ್ತಾನೋ ಇಲ್ವೋ ಗೊತ್ತಿಲ್ಲ. ಇನ್ನೊಂದ್ಸಲ ನೀವು ಫುಟ್‌ಬಾಲ್ ಅಂದ್ರೆ…” ಎಂದು ಶುರುಮಾಡಿದವಳು ಅಲ್ಲೇ ನಿಂತೆ. “ಏನಂದ್ರಿ? ಯಾವ ಪಂದ್ಯ ನಡೀಲಿಲ್ಲ?”

“ಅಯ್ಯೋ ತಾಯಿ, ಅರ್ಧ ಗಂಟೆಯಿಂದ ಅದನ್ನೇ ಬಡ್ಕೋತಾ ಇದೀನಿ. ಹನ್ನೊಂದನೇದು. ನಮ್ಮ ಮೊಳೆ. ಹಾರ್ಕ್‌ಬಿ ತನ್ನೂರಲ್ಲೇ ಸೋಲುತ್ತೆ ಅಂತ ಮೊಳೆ ಹೊಡೆದಿದ್ವಿ. ಅಲ್ಲಿ ಮೈದಾನ ಹೆಪ್ಪುಗಟ್ಟಿ ಕಲ್ಲಾಗಿತ್ತು. ಆಡೋಕಾಗಲ್ಲ ಅಂತ ಮೂರೂವರೆಗೇ ಎಲ್ಲರನ್ನೂ ಮನೆಗೆ ಕಳಿಸಿದ್ರು.”

“ಆದ್ರೆ ಫಲಿತಾಂಶದ ಪಟ್ಟಿಲಿ ಹನ್ನೊಂದಕ್ಕೆ ಒಂದು ಅಂತ ಇತ್ತು. ನಾನೇ ನೋಡಿದೀನಿ.”

“ಇರುತ್ತೆ! ಪಂದ್ಯ ನಡೀದಿದ್ರೆ ಕೂಪನ್ನಲ್ಲಿ ಆ ಸಾಲನ್ನ ಖಾಲಿ ಬಿಡಲ್ಲ. ಒಬ್ಬ ಸಾಕ್ಷಿನ ಕೂರಿಸ್ಕೊಂಡು ಚೀಟಿ ಎತ್ತುತ್ತಾರೆ. ಒಂದು, ಎಕ್ಸ್, ಎರಡು, ಯಾವುದು ಬಂತೋ ಅದೇ ಫಲಿತಾಂಶ. ಒಂದು ಬಂತು, ನಮ್ಮ ಮೊಳೆ ಕಿತ್ಕೊಂಡು ಬಂತು. ಒಬ್ಬ ಗೋಲ್ ಹೊಡೀಲಿಲ್ಲ, ಒಬ್ಬ ಬೂಟ್ ಕಟ್ಟಲಿಲ್ಲ, ನಾವು ಸೋತ್ವಿ!”

ನಾನು ಟಿಪ್ಪಣಿ ಪುಸ್ತಕ ತೆಗೆದೆ. ಹಿಲ್ಡಿಂಗ್ ನಿನ್ನೆ ಏಳೂವರೆಗೆ ಹೇಳಿದ್ದು ನನ್ನದೇ ಕೈಬರಹದಲ್ಲಿತ್ತು. ಹಾರ್ಕ್‌ಬಿ ಪಂದ್ಯವನ್ನು ಪೂರ್ತಿ ನೋಡಿದೆ. ಎಂಬತ್ತೊಂಬತ್ತನೇ ನಿಮಿಷದಲ್ಲಿ ಹಾರ್ಕ್‌ಬಿಯ ಉದ್ದನೆಯವನೊಬ್ಬ ತಲೆಯಿಂದ ಗೋಲು ಹೊಡೆದ, ನಮ್ಮ ಮೊಳೆ ಹೋಯಿತು. ಪಕ್ಕದಲ್ಲಿ ನಾನು ಪಟ್ಟಿ ನೋಡಿ ‘ಸರಿ’ ಎಂದು ಗುರುತು ಹಾಕಿದ್ದೆ, ಕೆಳಗೆ ಎರಡು ಗೆರೆ ಎಳೆದು.

ಮೈಯೆಲ್ಲ ಉರಿದುಹೋಯಿತು. ಹಿಲ್ಡಿಂಗ್ ಮೇಲೆ ಅಲ್ಲ, ನನ್ನ ಮೇಲೆ. ಐದು ನಿಮಿಷ ಕಿವಿಗೊಟ್ಟು ಈ ಟೂರ್ಕೆಲ್‌ನ ಗೋಳು ಕೇಳಿದ್ದರೆ ನಿನ್ನೆಯೇ ಹಿಡಿಯಬಹುದಿತ್ತು.

“ಹಿಲ್ಡಿಂಗ್ ಎಲ್ಲಿ?”

“ಬೆಳಿಗ್ಗೆ ತಿಂಡಿಗೆ ಕೂತಿದ್ದ,” ಎಂದಳು ವೆಂಡೆಲಾ. “ಟೂರ್ಕೆಲ್ ಚೀಟಿ ಪುರಾಣ ಶುರುಮಾಡಿದ್ದೇ ತಡ, ಮುಖ ಸುಣ್ಣ ಆಯ್ತು. ಅರ್ಧ ಮೊಟ್ಟೆ ಬಿಟ್ಟು ಎದ್ದ. ಚೀಲ ತಗೊಂಡು ಹಡಗಿನ ಕಡೆ ಹೋದ. ಹತ್ತು ಗಂಟೆ ಇರ್ಬೇಕು.”

“ಅದನ್ನ ಈಗ ಹೇಳ್ತಿದೀರಾ?”

“ನೀವು ಈಗ ಕೇಳಿದ್ರಿ.”

ನಾನು ಹೊರಗೆ ಓಡುತ್ತಲೇ ಟ್ಯೂಗೆಗೆ ಫೋನು ಮಾಡಿದೆ. ಆತ ಊಟದ ಮೇಜಿನಲ್ಲಿದ್ದ. ಭಾನುವಾರದ ಊಟವನ್ನು ಕೆಡಿಸಿದವರನ್ನು ಟ್ಯೂಗೆ ಮುಂದಿನ ಭಾನುವಾರದವರೆಗೂ ಕ್ಷಮಿಸುವುದಿಲ್ಲ.

“ನೋಡಮ್ಮ ಬೋಡಿಲ್, ಮೊಳೆ ಅವಳ ಜೇಬಲ್ಲಿತ್ತು,” ಎಂದ. “ಜೇಬು ಅವಳದು. ಇನ್ನೇನು ಬೇಕು ನಿಂಗೆ?”

“ನಡೆಯದ ಪಂದ್ಯಾನ ಕಣ್ಣಾರೆ ಕಂಡೆ ಅಂತ ಒಬ್ಬ ನನ್ನ ಮುಂದೆ ಹೇಳಿಕೆ ಕೊಟ್ಟಿದ್ದಾನೆ. ಗೋಲು ಬಣ್ಣಿಸಿದ್ದಾನೆ. ಈಗ ಓಡಿಹೋಗಿದ್ದಾನೆ. ಮೂರು ಗಂಟೆಗೆ ನೀವು ನ್ಯಾಯಾಧೀಶರ ಮುಂದೆ ಡಗ್ನಿನ ನಿಲ್ಲಿಸಿ, ನಾನು ಇದನ್ನ ಅಲ್ಲೇ ಎದ್ದು ನಿಂತು ಹೇಳ್ತೀನಿ.”

ಆ ಕಡೆ ಚಮಚ ತಟ್ಟೆಗೆ ಬಿದ್ದ ಸದ್ದಾಯಿತು.

“ಈಗಲೇ ಅವಳನ್ನ ಬಿಡಿಸ್ತೀನಿ. ಆದ್ರೆ ಏನಾದ್ರೂ ಎಡವಟ್ಟಾದ್ರೆ ನಿನ್ನ ತಲೆ ಮೇಲೆ, ನೆನಪಿರಲಿ.”

“ಇರಲಿ. ಆಸ್ಪತ್ರೇಲಿ ಅಲ್ಗೋಟ್ ಬಾಗಿಲಲ್ಲಿ ಕೂತಿರೋ ಪೇದೇನ ಬಂದರಿಗೆ ಕಳಿಸಿ. ನನ್ನ ಮಂಡಿಗೆ ಓಡೋ ಶಕ್ತಿ ಇಲ್ಲ.”

“ಅಲ್ಲಿರೋದೇ ಅವನೊಬ್ಬ.”

“ತಳ್ಳಿದೋನು ಹಡಗಿನ ಕಡೆ ಓಡಿದ್ದಾನೆ, ಆಸ್ಪತ್ರೇಲಿ ಕಾಯೋದು ಯಾರನ್ನ? ಕಳಿಸಿ ಅಂದ್ರೆ ಕಳಿಸಿ.”

ಕಳಿಸಿದ. ನಾನು ಕೇಳಿದ್ದನ್ನೆಲ್ಲ ಟ್ಯೂಗೆ ಕೊಟ್ಟದ್ದು ಇಪ್ಪತ್ತೆರಡು ವರ್ಷದಲ್ಲಿ ಅದೇ ಮೊದಲು.

ಬಂದರಿನ ಟಿಕೆಟ್ ಕಿಟಕಿಯಲ್ಲಿ ವಿಚಾರಿಸಿದಾಗ ಅಲ್ಲಿ ಕೂತಿದ್ದ ಹೆಂಗಸು ತಲೆ ಅಲ್ಲಾಡಿಸಿದಳು. ಹತ್ತರ ಹಡಗಿಗೆ ಹತ್ತಿದ ತೆಳ್ಳನೆಯ ಮುದುಕ ಇನ್ನೂ ಇಳಿದೇ ಇಲ್ಲವಂತೆ. ಹಾಗೆ ಕೂರುವವರು ಇಲ್ಲಿ ಬೇಕಾದಷ್ಟಿದ್ದಾರೆ. ಆ ದಡ ಈ ದಡ ಎಂದು ಇಳಿಯದೆ ಸುತ್ತುತ್ತ, ಊಟ ಮಾಡುತ್ತ ಅರ್ಧ ದಿನ ಕಳೆಯುವ ಖಯಾಲಿ ಆಚೆ ದಡದವರದು. ನೆಲದ ಮೇಲೆ ಊಟ ಸೇರುವುದಿಲ್ಲವೇನೋ.

ಹನ್ನೆರಡು ನಲವತ್ತಕ್ಕೆ ಅದೇ ಹಡಗು ಹೊರಡುವುದರಲ್ಲಿತ್ತು. ಪೇದೆಯ ಸುಳಿವಿಲ್ಲ. ನಾನು ಹತ್ತಿದೆ, ಹಲಗೆ ಎತ್ತಿದರು. ಹಡಗು ಎರಡು ಮಾರು ಸರಿದ ಮೇಲೆ ಆ ಪುಣ್ಯಾತ್ಮ ಸೈಕಲ್ ಮೇಲೆ ದಂಡೆಗೆ ಬಂದು ನನಗೆ ಕೈ ಬೀಸಿದ. ನಾನೂ ಬೀಸಿದೆ, ಮುಷ್ಟಿ ಕಟ್ಟಿ.

ದಾಟಲು ಇಪ್ಪತ್ತು ನಿಮಿಷ. ನಡುನೀರು ದಾಟಿದರೆ ಸ್ವೀಡನ್, ಅಲ್ಲಿ ನನ್ನ ಬಿಲ್ಲೆಗೆ ಬೆಲೆಯಿಲ್ಲ. ಅಂದರೆ ನನಗಿದ್ದದ್ದು ಹತ್ತು ನಿಮಿಷ.

ಹಿಲ್ಡಿಂಗ್ ಊಟದ ಹಾಲಿನ ಮೂಲೆಯಲ್ಲಿ, ಕಿಟಕಿಗೆ ಬೆನ್ನು ಹಾಕಿ ಕೂತಿದ್ದ. ತಲೆಗೆ ಉಣ್ಣೆ ಟೊಪ್ಪಿ, ಮುಂದೆ ಒಂದು ತಟ್ಟೆ ಸಿಗಡಿ ಸ್ಯಾಂಡ್‌ವಿಚ್, ಅರ್ಧ ತಿಂದದ್ದು. ನನ್ನನ್ನು ಕಂಡು ಟೊಪ್ಪಿ ತೆಗೆದು ಮಡಿಲಲ್ಲಿಟ್ಟುಕೊಂಡ.

“ಹಿಲ್ಡಿಂಗ್ ಅವರೇ, ಆ ಗೋಲನ್ನ ಇನ್ನೊಂದ್ಸಲ ಹೇಳಿ.”

“ಯಾವ ಗೋಲು, ಮೇಡಂ?”

“ಎಂಬತ್ತೊಂಬತ್ತನೇ ನಿಮಿಷದ್ದು. ಉದ್ದನೆಯವನು ತಲೇಲಿ ಹೊಡೆದದ್ದು. ಮೈದಾನದಲ್ಲಿ ಒಂದು ನರಪಿಳ್ಳೆ ಇಲ್ಲದಾಗ ಹೊಡೆದದ್ದು.”

ಅವನ ಕಣ್ಣು ತಟ್ಟೆಯ ಮೇಲೆ ಬಿತ್ತು. “ನನಗೆ ಬೆಳಿಗ್ಗೆ ಗೊತ್ತಾಯ್ತು. ಟೂರ್ಕೆಲ್ ಚೀಟಿ ಅಂದಾಗ ಮೊಟ್ಟೆ ಗಂಟಲಲ್ಲೇ ನಿಂತ್ಕೊಂತು.”

“ಅಲ್ಗೋಟ್‌ನ ಯಾಕೆ ತಳ್ಳಿದ್ರಿ?”

“ನಾನಾ?” ಟೊಪ್ಪಿ ಕೆಳಗೆ ಬಿತ್ತು. “ಅಲ್ಗೋಟ್‌ನಾ? ನನ್ನ ಮದುವೇಲಿ ನನ್ನ ಪಕ್ಕ ನಿಂತಿದ್ದೋನು ಅವನು. ನನ್ನ ಹೆಂಡತಿ ತೀರ್ಕೊಂಡಾಗ ಒಂದು ತಿಂಗಳು ದಿನಾ ಊಟ ತಂದ್ಕೊಟ್ಟೋನು.”

“ಮತ್ತೆ ಸುಳ್ಳು ಯಾಕೆ ಹೇಳಿದ್ರಿ? ಐದು ಗಂಟೆಗೆ ಎಲ್ಲಿದ್ರಿ?”

“ಇಲ್ಲೇ.”

“ಇಲ್ಲೇ ಅಂದ್ರೆ?”

“ಈ ಕುರ್ಚಿ.”

ಅಷ್ಟರಲ್ಲಿ ಕಾಫಿ ಸುರಿಯಲು ಬಂದ ಯುಟ್ಟೆ, ಆ ಹಡಗಿನಲ್ಲಿ ಬಡಿಸಿಯೇ ಕೂದಲು ನರೆತವಳು, ನಾನು ಕೇಳದೆಯೇ ಬಾಯಿ ಹಾಕಿದಳು. “ಇವ್ರಾ? ನಿನ್ನೆ ನಾಲ್ಕೂ ಹತ್ತರ ಹಡಗಿಗೆ ಬಂದ್ರು. ಆ ದಡ ಮುಟ್ಟಿ ಇಳೀದೆ ವಾಪಸ್ಸು ಬಂದು ಐದೂವರೆಗೆ ಇಳಿದ್ರು. ಪ್ರತಿ ಜನವರೀಲೂ ಹೀಗೇ. ಇದೇ ಕುರ್ಚಿ, ಇದೇ ಸಿಗಡಿ. ಅರ್ಧ ತಿಂದು ಅರ್ಧ ಬಿಟ್ಟು ನನಗೆ ಹೊಟ್ಟೆ ಉರಿಸ್ತಾರೆ.”

“ನಿಜವಾಗ್ಲೂ ನಿನ್ನೇನಾ?”

“ನಿನ್ನೆ ನನ್ನ ಹುಟ್ಟಿದಹಬ್ಬ ಕಣ್ರೀ. ಇವ್ರೇ ಕೇಕಿನ ಮೊದಲ ತುಂಡು ತಿಂದದ್ದು. ಅದನ್ನೂ ಅರ್ಧ.”

ಯುಟ್ಟೆ ಹೋದಳು. ನಾನು ಹಿಲ್ಡಿಂಗನ ಮುಖ ನೋಡಿದೆ. ಅವನ ಕಿವಿಗಳು ಕೆಂಪಾಗಿದ್ದವು.

“ನಾನು ಪಂದ್ಯ ನೋಡಲ್ಲ, ಮೇಡಂ,” ಎಂದ, ಕಳ್ಳತನ ಒಪ್ಪಿಕೊಳ್ಳುವವನಂತೆ. “ಮೂವತ್ತೊಂದು ವರ್ಷದಲ್ಲಿ ಒಂದೂ ನೋಡಿಲ್ಲ. ಕೂಪನ್ನು ಕಟ್ಟಿ ಬರ್ತೀನಿ, ಪಂದ್ಯ ಶುರುವಾದ್ರೆ ಎದೆ ಹೊಡ್ಕೊಳ್ಳುತ್ತೆ. ನಾನು ನೋಡಿದ್ರೆ ಸೋತೇಬಿಡ್ತೀವಿ ಅನ್ಸುತ್ತೆ. ಊರಲ್ಲಾದ್ರೆ ಸಕ್ಕರೆ ಗೆಡ್ಡೆ ಹೊಲದ ಕಡೆ ನಡ್ಕೊಂಡು ಹೋಗ್ತೀನಿ, ಇಲ್ಲಿಗೆ ಬಂದಾಗ ಹಡಗು. ಆರು ಗಂಟೆಗೆ ಫೋನಿಗೆ ಫಲಿತಾಂಶದ ಸಾಲು ಬರುತ್ತೆ, ಬರೀ ಹದಿಮೂರು ಗುರುತು. ಅದನ್ನ ನೋಡ್ಕೊಂಡು, ಎಲ್ಲ ನೋಡಿದೋರ ಥರ ಮಾತಾಡ್ತೀನಿ.”

“ಇಷ್ಟಕ್ಕೆ ಪೊಲೀಸರಿಗೆ ಸುಳ್ಳು ಹೇಳಿದ್ರಾ?”

“ಟೂರ್ಕೆಲ್‌ಗೆ ಗೊತ್ತಾದ್ರೆ ಸಾಯೋ ತನಕ ಆಡ್ಕೊಂಡು ನಗ್ತಾನೆ.”

ನಾನು ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡೆ.

“ಅಲ್ಲ ಸ್ವಾಮೀ! ಒಂದು ಹುಡುಗಿ ರಾತ್ರಿಯೆಲ್ಲ ಲಾಕಪ್ಪಲ್ಲಿ ಕೂತಿದ್ದಾಳೆ. ನಾನು ನನ್ನ ಸಾಹೇಬನ ಊಟ ಕೆಡಿಸಿ, ನನ್ನ ನೌಕರಿನ ಪಣಕ್ಕಿಟ್ಟು, ಕುಂಟುಗಾಲಲ್ಲಿ ಹಡಗು ಹತ್ತಿ ಬಂದಿದೀನಿ. ಟೂರ್ಕೆಲ್ ನಗ್ತಾನೆ ಅಂತ! ನಿಮ್ಮ ನಾಲ್ಕೂ ಜನಾನ ಒಂದೇ ಚೀಲದಲ್ಲಿ ಹಾಕಿ ಇಲ್ಲೇ ನೀರಿಗೆ ಬಿಡ್ಬೇಕು.”

“ತಪ್ಪಾಯ್ತು, ಮೇಡಂ.”

“ತಪ್ಪಾಯ್ತಂತೆ! ಆ ಗೋಲನ್ನಾದ್ರೂ ಎಷ್ಟು ಚೆನ್ನಾಗಿ ಕಟ್ಟಿದ್ರಿ. ನಿಮಿಷ ಬೇರೆ. ಉದ್ದನೆಯವನು ಬೇರೆ.”

ಹಿಲ್ಡಿಂಗ್ ಬಗ್ಗಿ ಟೊಪ್ಪಿ ಎತ್ತಿಕೊಂಡ. “ನಾನು ಕಟ್ಟಿದ್ದಲ್ಲ. ನನಗೆ ಅಷ್ಟು ಬುದ್ಧಿ ಎಲ್ಲಿದೆ? ನನಗೆ ಹೇಳಿದ್ರು.”

“ಯಾರು?”

“ಹಡಗು ಇಳಿದು ನಡ್ಕೊಂಡು ಬಂದೆ. ಆರಕ್ಕೆ ಹತ್ತು ನಿಮಿಷ ಇತ್ತು. ಯಾರಿಗೂ ಕಾಣ್ಬಾರ್ದು ಅಂತ ಹಿಂದಿನ ಬಾಗಿಲಿಂದ ಬಂದೆ. ಅಲ್ಲಿ ನಿಂತಿದ್ಲು, ಆ ಎಲೆ ಹಂಚೋ ಹುಡುಗಿ. ಕೋಟ್ ಹಾಕ್ಕೊಂಡಿದ್ಲು, ಒಂದು ಕೈ ಜೇಬಲ್ಲಿತ್ತು. ನಮ್ಮ ಮೊಳೆ ಏನಾಯ್ತೋ ಅಂತ ಜೀವ ಹೊಡ್ಕೋತಿತ್ತು ನಂಗೆ. ‘ಹಾರ್ಕ್‌ಬಿ ಏನಾಯ್ತಮ್ಮ, ಗೊತ್ತಾ?’ ಅಂತ ಕೇಳಿದೆ.”

ಹಡಗಿನ ಯಂತ್ರ ಕಾಲಡಿಯಲ್ಲಿ ಗುಂಯ್ ಎನ್ನುತ್ತಿತ್ತು. ನನ್ನ ಕಾಫಿಯ ಮೇಲೆ ಸಣ್ಣ ಅಲೆ ಏಳುತ್ತಿತ್ತು.

“ಏನಂದ್ಲು?”

“‘ಈಗ ತಾನೇ ಟಿವಿ ನೋಡಿ ಬಂದೆ. ಹಾರ್ಕ್‌ಬಿ ಗೆದ್ದೇಬಿಡ್ತು. ಎಂಬತ್ತೊಂಬತ್ತನೇ ನಿಮಿಷದಲ್ಲಿ ಒಬ್ಬ ಉದ್ದ ಮನುಷ್ಯ ತಲೇಲಿ ಹೊಡೆದ’ ಅಂದ್ಲು. ಆಮೇಲೆ ಫೋನಿಗೆ ಸಾಲು ಬಂತು. ಹನ್ನೊಂದಕ್ಕೆ ಒಂದು. ಅವಳು ಹೇಳಿದ್ದೂ ಅದೇ. ನಾನ್ಯಾಕೆ ಅನುಮಾನಪಡ್ಲಿ?”

ಒಬ್ಬ ಉದ್ದ ಮನುಷ್ಯ. ಬೆಳಿಗ್ಗೆ ಲಾಕಪ್ಪಿನಲ್ಲಿ ನಾನು ಬಾಯಿ ಮುಚ್ಚಿಸಿದ್ದು ಸರಿಯಾಗಿ ಆ ಮಾತಿನ ಮೇಲೆ. ಕಾಫಿ ಕೋಣೆ ಬಿಟ್ಟು ಅಲ್ಲಾಡಿಲ್ಲ ಎಂದವಳು ಹಿಂದಿನ ಬಾಗಿಲಲ್ಲಿ ಕೋಟು ಹಾಕಿಕೊಂಡು ನಿಂತಿದ್ದಳು. ಎಲೆ ಹಂಚುವಾಗಿನ ಅವಳ ಮೋಸವನ್ನು ಅಲ್ಗೋಟ್ ಕಂಡುಬಿಟ್ಟಿದ್ದ, ಜೇಬಿನ ಆ ಕೈಯಲ್ಲಿದ್ದದ್ದು ಅವನ ಮೊಳೆ. ಯಾವ ಟಿವಿಯಲ್ಲೂ ಇಲ್ಲದ ಪಂದ್ಯದ ಹೆಸರು ಅವಳಿಗೆ ಸಿಕ್ಕಿದ್ದು ಈ ಮುದುಕನ ಬಾಯಿಂದಲೇ. ಅವನು ಕೇಳಿದ, ಅವಳು ಒಂದು ಕಡೆ ಊಹಿಸಿ ಹಾರಿದಳು. ಆತಿಥೇಯ ತಂಡ ಗೆದ್ದಿತು ಎಂದಳು. ಊಹೆ ಸರಿಬಂತು, ಹತ್ತಕ್ಕೆ ಏಳು ಸಲ ಬರುವ ಹಾಗೆ. ಮುಖದಲ್ಲಿ ಒಂದು ಗೆರೆಯೂ ಅಲ್ಲಾಡಿರಲಿಕ್ಕಿಲ್ಲ.

ಅವಳಿಗೆ ಅದನ್ನು ಕಲಿಸಿದವಳು ನಾನು.

“ಇನ್ನೇನಾದ್ರೂ ಅಂದ್ಲಾ?” ಎಂದು ಕೇಳಿದೆ.

“ಒಳ್ಳೇ ಹುಡುಗಿ, ಮೇಡಂ. ನಾನು ಮೆಟ್ಟಿಲ ಕಡೆ ತಿರುಗಿದೆ, ದೀಪ ಆರಿತ್ತು. ‘ಆ ಕಡೆ ಹೋಗ್ಬೇಡಿ ತಾತ, ನೆಲ ಒರೆಸಿದ್ದಾರೆ, ಜಾರಿ ಬಿದ್ದೀರಿ’ ಅಂತ ಕೈ ಹಿಡಿದು ಮುಂದಿನ ಬಾಗಿಲ ತನಕ ಬಿಟ್ಟು ಹೋದ್ಲು.”

ಆ ಹೊತ್ತಿಗೆ ಅಲ್ಗೋಟ್ ಆ ಕತ್ತಲ ಮೆಟ್ಟಿಲ ಬುಡದಲ್ಲಿ ಬಿದ್ದಿದ್ದ.

ನಾನು ಎದ್ದೆ. ಎದ್ದು ಮಾಡುವುದೇನು? ಈ ಹಡಗು ಆ ದಡ ಮುಟ್ಟದೆ ತಿರುಗುವುದಿಲ್ಲ, ನನಗೆ ಅದು ಚೆನ್ನಾಗಿ ಗೊತ್ತು. ಟ್ಯೂಗೆಗೆ ಹೇಳೋಣವೆಂದು ಫೋನು ತೆಗೆಯುವಷ್ಟರಲ್ಲಿ ಅದೇ ಹೊಡೆದುಕೊಂಡಿತು. ಆಸ್ಪತ್ರೆಯ ನರ್ಸ್.

“ಬೋಡಿಲ್ ಅವರಾ? ಒಳ್ಳೇ ಸುದ್ದಿ ಕಣ್ರೀ. ಅಲ್ಗೋಟ್ ಕಣ್ಣು ಬಿಟ್ರು! ಏನೋ ಹೇಳೋಕೆ ನೋಡ್ತಿದ್ದಾರೆ, ‘ಮಗಳೇ, ಮಗಳೇ’ ಅಂತಾರೆ. ನನಗೆ ಅವರ ಮಾತು ಸರಿಯಾಗಿ ತಿಳಿಯಲ್ಲ.”

“ಯಾರನ್ನೂ ಒಳಗೆ ಬಿಡಬೇಡಿ,” ಎಂದೆ. “ಕೇಳಿಸ್ತಾ? ಯಾರನ್ನೂ.”

“ಬಿಡ್ತಿರ್ಲಿಲ್ಲ. ಪೇದೆನೂ ಹೋದ, ವಾರ್ಡಲ್ಲಿ ನಾನೊಬ್ಬಳೇ. ಅಷ್ಟರಲ್ಲಿ ನೀವು ಕಳಿಸಿದ ಹುಡುಗಿ ಬಂದ್ಲಲ್ಲ, ನಿಮ್ಮನ್ನ ಕೋಚ್ ಅಂತಾಳೆ? ‘ಅವರ ಹತ್ರ ನಾನು ಕೂತಿರ್ತೀನಿ, ನೀವು ಊಟ ಮಾಡ್ಕೊಂಡು ಬನ್ನಿ’ ಅಂದ್ಲು. ಪುಣ್ಯಾತ್ಗಿತ್ತಿ. ಬಾಗಿಲು ಹಾಕ್ಕೊಂಡು ಕೂತಿದ್ದಾಳೆ.”

“ಬಾಗಿಲು ತೆಗೀರಿ! ಈಗಲೇ ಓಡಿ—”

ಆ ಕಡೆ ಗೊರಗೊರ ಸದ್ದು ಬಂತು, ಆಮೇಲೆ ಅದೂ ಇಲ್ಲ. ಕಿವಿಯಿಂದ ಫೋನು ತೆಗೆದು ನೋಡಿದೆ. ನಡುನೀರು ದಾಟಿದ್ದೆವು. ಪರದೆಯ ಮೇಲೆ ‘ಸ್ವೀಡನ್ನಿಗೆ ಸ್ವಾಗತ’ ಎಂದು ಬಂದಿತ್ತು.